ವಿಂಡೋಸ್ 11ಗೆ ಹೋದೆ: ಅಪ್‌ಗ್ರೇಡ್ ಫ್ರೀ, ಲೈಸೆನ್ಸ್ ಕಥೆ ಬೇರೆ

ತಿಪಟೂರಲ್ಲಿ ನಂದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಬಿಲ್ ಬುಕ್ಕು, ಮಧ್ಯೆ ಮಧ್ಯೆ ಯಾರಾದ್ರೂ ಬಂದ್ರೆ ಆನ್‌ಲೈನ್ ಅರ್ಜಿ ಹಾಕಿಕೊಡೋದು, ಇಷ್ಟೇ. ಅಂಗಡೀಲಿ ಒಂದು ಅಸೆಂಬಲ್ಡ್ ಡೆಸ್ಕ್‌ಟಾಪು, ಮನೇಲಿ ಹೆಂಡ್ತಿದು ಒಂದು ಲ್ಯಾಪ್‌ಟಾಪು, ಅಟ್ಟದ ಮೇಲೆ ಕೋರ್ 2 ಡ್ಯುಯೋ ಪ್ರೊಸೆಸರಿನ ಒಂದು ಮುದುಕ ಮಷೀನು. ಈ ಮೂರನ್ನೂ ಇಟ್ಕೊಂಡು 2025ರ ಜನವರಿಯಿಂದ ಇಲ್ಲೀವರೆಗೂ ವಿಂಡೋಸ್ 11 ಅನ್ನೋ ವಿಷಯದಲ್ಲಿ ನಾನು ಪಟ್ಟ ಪಾಡು, ಖರ್ಚು ಮಾಡಿದ ದುಡ್ಡು, ಕಲಿತ ಬುದ್ಧಿ ಎಲ್ಲಾ ಬರೀತಾ ಇದೀನಿ, ಉದ್ದ ಆಗುತ್ತೆ, ಟೀ ತಗೊಂಡು ಕೂತ್ಕೊಳಿ. ಮಾರ್ಕ್ಸ್ ಮೊದಲೇ ಕೊಟ್ಬಿಡ್ತೀನಿ, ಸಿಸ್ಟಮ್ಮಿಗೆ ಐದಕ್ಕೆ ಮೂರೂವರೆ, ಅದರ ಲೈಸೆನ್ಸ್ ನಿಯಮಗಳಿಗೆ ಐದಕ್ಕೆ ಎರಡು, ಅದನ್ನ ಓದದೆ ಎಂಟು ವರ್ಷ ಕಳೆದ ನಂಗೆ ಸೊನ್ನೆ.

ಮೊದಲು ಯಾಕೆ ಹೋಗ್ಬೇಕಾಯ್ತು ಅಂತ. ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ, ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಕೊಡೋದು 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತೆ ಅಂತ ಮೈಕ್ರೋಸಾಫ್ಟ್‌ನೋರು ಬಹಳ ಹಿಂದೇನೇ ಹೇಳಿದ್ರು. ನಿಂತ ತಕ್ಷಣ ಮಷೀನ್ ಆಫ್ ಆಗಲ್ಲ, ಓಡ್ತಾನೇ ಇರುತ್ತೆ, ಆದ್ರೆ ಬಾಗಿಲಿಗೆ ಬೀಗ ರಿಪೇರಿ ಮಾಡೋನು ಇನ್ಮೇಲೆ ಬರಲ್ಲ ಅಂದಂಗೆ. ನನ್ನ ಅಂಗಡಿಗೆ ದಿನಕ್ಕೆ ಇಪ್ಪತ್ತು ಜನರ ಪೆನ್‌ಡ್ರೈವ್ ಬರುತ್ತೆ, ಒಬ್ಬೊಬ್ರ ಪೆನ್‌ಡ್ರೈವಲ್ಲೂ ಒಂದೊಂದು ಝೂ ಇರುತ್ತೆ. ಅದಕ್ಕೆ ಕೊನೇ ದಿನದ ತನಕ ಕಾಯೋದು ಬೇಡ, ಮದುವೆ ಸೀಸನ್ ಶುರು ಆಗೋದ್ರೊಳಗೆ ಮುಗಿಸಿಬಿಡೋಣ ಅಂತ ಜನವರಿಲೇ ಕೈ ಹಾಕ್ದೆ.

ಲ್ಯಾಪ್‌ಟಾಪಿಂದ ಶುರು ಮಾಡ್ದೆ, ಯಾಕಂದ್ರೆ ಅದು ಕೆಟ್ರೆ ಹೆಂಡ್ತಿ ಮಾತ್ರ ಬೈತಾಳೆ, ಅಂಗಡೀದು ಕೆಟ್ರೆ ಊರೇ ಬೈಯುತ್ತೆ. ಹತ್ತನೇ ಜನರೇಷನ್ ಐ5, 8 ಜಿಬಿ ರ‍್ಯಾಮು, ಎಸ್‌ಎಸ್‌ಡಿ. ಪಿಸಿ ಹೆಲ್ತ್ ಚೆಕ್ ಅಂತ ಮೈಕ್ರೋಸಾಫ್ಟಿಂದೇ ಒಂದು ಸಣ್ಣ ಆ್ಯಪ್ ಇದೆ, ಹಾಕಿ ನೋಡಿದೆ, ಎಲ್ಲಾ ಹಸಿರು ಟಿಕ್ಕು. ಸೆಟ್ಟಿಂಗ್ಸಲ್ಲಿ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಡೌನ್‌ಲೋಡ್ ಒತ್ತಿದೆ. 61 ಪರ್ಸೆಂಟಿಗೆ ಬಂದಾಗ ಕರೆಂಟ್ ಹೋಯ್ತು, ನಮ್ಮೂರಲ್ಲಿ ಇದು ಸುದ್ದಿನೇ ಅಲ್ಲ, ಲ್ಯಾಪ್‌ಟಾಪ್ ಆಗಿದ್ರಿಂದ ಬ್ಯಾಟರಿ ಕಾಪಾಡ್ತು, ಡೆಸ್ಕ್‌ಟಾಪ್ ಮಾಡೋರು ಯುಪಿಎಸ್ ಬ್ಯಾಟರಿ ಜೀವಂತ ಇದೆಯಾ ನೋಡ್ಕೊಂಡೇ ಮಾಡಿ. ಒಟ್ಟು ಒಂದೂವರೆ ಗಂಟೆ ಹಿಡೀತು. ಫೈಲು, ವಾಲ್‌ಪೇಪರು, ಕ್ರೋಮ್ ಪಾಸ್‌ವರ್ಡು, ಎಲ್ಲಾ ಇದ್ದಲ್ಲೇ ಇದ್ವು. ದುಡ್ಡು ಒಂದು ಪೈಸೆ ಕೇಳ್ಲಿಲ್ಲ. ಇಲ್ಲಿಗೆ ರಿವ್ಯೂ ಮುಗಿದಿದ್ರೆ ಐದಕ್ಕೆ ಐದು ಕೊಟ್ಟು ಹೋಗ್ತಿದ್ದೆ.

ಆದ್ರೆ ನಮ್ಮನೆಯವಳಿಗೆ ಒಂದು ಆಸೆ. ಅವಳು ಕನ್ನಡ ಮೇಷ್ಟ್ರು, ಹೈಸ್ಕೂಲಲ್ಲಿ. ಹೊಸ ವಿಂಡೋಸ್ ಬಂತಲ್ಲ, ಮೆನು ಗಿನು ಎಲ್ಲಾ ಕನ್ನಡದಲ್ಲಿ ಮಾಡಿಕೊಡ್ರಿ ಅಂದ್ಲು. ವಿಂಡೋಸ್‌ಗೆ ಕನ್ನಡದ ಲ್ಯಾಂಗ್ವೇಜ್ ಪ್ಯಾಕ್ ಇದೆ, ನಂಗೆ ಗೊತ್ತಿತ್ತು, ಅಯ್ಯೋ ಎರಡು ನಿಮಿಷದ ಕೆಲಸ ಅಂತ ಜಂಬ ಕೊಚ್ಕೊಂಡು ಕೂತೆ. ಲ್ಯಾಂಗ್ವೇಜ್ ಸೆಟ್ಟಿಂಗ್ಸ್ ತೆಗೆದ್ರೆ ಒಂದು ಸಾಲು ಬಂತು, ನಿಮ್ಮ ವಿಂಡೋಸ್ ಲೈಸೆನ್ಸು ಒಂದೇ ಡಿಸ್‌ಪ್ಲೇ ಭಾಷೆಗೆ ಸೀಮಿತ ಅನ್ನೋ ಅರ್ಥದ್ದು. ಇದೇನಪ್ಪಾ ಅಂತ ಸಿಸ್ಟಮ್ ಅಬೌಟ್ ನೋಡಿದ್ರೆ ಎಡಿಷನ್ ಅನ್ನೋ ಜಾಗದಲ್ಲಿ "ವಿಂಡೋಸ್ 11 ಹೋಮ್ ಸಿಂಗಲ್ ಲ್ಯಾಂಗ್ವೇಜ್". ನಮ್ಮ ದೇಶದಲ್ಲಿ ಮಾರೋ ಲ್ಯಾಪ್‌ಟಾಪುಗಳಲ್ಲಿ ಇದು ತುಂಬಾ ಕಾಮನ್, ನೀವೂ ಈಗಲೇ ಎದ್ದು ಹೋಗಿ ನೋಡ್ಕೊಳಿ. ಹೋಮ್ ಅಂದ್ರೆ ಬರೀ ಹೋಮ್ ಅಲ್ಲ, ಅದರೊಳಗೂ ಒಂದು ಕುಲ ಇದೆ. ಸಂವಿಧಾನದ ಪಟ್ಟೀಲೇ ಇಪ್ಪತ್ತೆರಡು ಭಾಷೆ ಇರೋ ದೇಶಕ್ಕೆ ಒಂದೇ ಭಾಷೆಯ ಎಡಿಷನ್ ತುಂಬಿ ಕಳಿಸೋದು ಅಂದ್ರೆ ಏನ್ ಹೇಳೋದು. ಬೇರೆ ಭಾಷೆ ಬೇಕು ಅಂದ್ರೆ ದುಡ್ಡು ಕೊಟ್ಟು ಈ ಕಟ್ಟುಪಾಡು ಇಲ್ಲದ ಎಡಿಷನ್ನಿಗೆ, ಉದಾಹರಣೆಗೆ ಹೋಮ್‌ಗಿಂತ ಮೇಲಿನ ಪ್ರೋಗೆ, ಏರ್ಬೇಕು. ಫ್ರೀ ಅಪ್‌ಗ್ರೇಡ್ ಅಂದ್ರೆ ವರ್ಷನ್ ಮಾತ್ರ ಏರುತ್ತೆ, ಎಡಿಷನ್ ಏರಲ್ಲ, ಹೋಮ್ ಇದ್ರೆ ಹೋಮೇ, ಸಿಂಗಲ್ ಇದ್ರೆ ಸಿಂಗಲ್ಲೇ, ಪ್ರೋ ಇದ್ರೆ ಪ್ರೋ.

ಒಂದು ಸಮಾಧಾನ, ಟೈಪಿಂಗ್‌ಗೆ ಈ ಕಟ್ಟುಪಾಡು ಇಲ್ಲ. ಕೀಬೋರ್ಡ್ ಎಷ್ಟು ಬೇಕಾದ್ರೂ ಸೇರಿಸ್ಕೋಬಹುದು, ಇನ್‌ಸ್ಕ್ರಿಪ್ಟ್ ಮೊದಲಿಂದ ಇದೆ, ಫೊನೆಟಿಕ್ ಕನ್ನಡ ಕೀಬೋರ್ಡು 2019ರಲ್ಲಿ ವಿಂಡೋಸ್ 10ಕ್ಕೇ ಬಂದಿತ್ತು, ಅದೂ ಇಲ್ಲಿದೆ. ಅವಳು ಪ್ರಶ್ನೆಪತ್ರಿಕೆ ಟೈಪ್ ಮಾಡೋಕೆ ಏನೂ ತೊಂದ್ರೆ ಆಗ್ಲಿಲ್ಲ. ಮೆನು ಮಾತ್ರ ಇಂಗ್ಲಿಷಲ್ಲೇ ಇದೆ. "ಎರಡು ನಿಮಿಷ ಅಂದಿದ್ರಿ" ಅಂತ ಇವತ್ತಿಗೂ ಹೇಳ್ತಾಳೆ.

ಈಗ ಅಂಗಡಿ ಮಷೀನಿಗೆ ಬರ್ತೀನಿ, ನಿಜವಾದ ಸಿನಿಮಾ ಇದು. 2017ರಲ್ಲಿ ಅಸೆಂಬಲ್ ಮಾಡಿಸಿದ್ದು, ಐ5-7400. ಹೆಲ್ತ್ ಚೆಕ್ ಹಾಕಿದ್ರೆ ಪ್ರೊಸೆಸರ್ ಸಪೋರ್ಟ್ ಇಲ್ಲ ಅಂತು. ಇಂಟೆಲ್‌ದಾದ್ರೆ ಎಂಟನೇ ಜನರೇಷನ್ನಿಂದ ಮೇಲೆ, ಎಎಂಡಿ ಆದ್ರೆ ರೈಜೆನ್ 2000 ಸೀರೀಸಿಂದ ಮೇಲೆ, ಅದಕ್ಕಿಂತ ಹಿಂದಿನದಕ್ಕೆ ಒಂದೆರಡು ವಿನಾಯಿತಿ ಬಿಟ್ರೆ ಬಾಗಿಲು ಹಾಕಿದೆ. ನನ್ನದು ಏಳನೇದು, ಒಂದೇ ಒಂದು ಮೆಟ್ಲು. ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು ಬೇಕು ಅಂತಾರಲ್ಲ, ಅದು ನನ್ನ ಬೋರ್ಡಲ್ಲೇ ಇತ್ತು, ಬಯಾಸಲ್ಲಿ, ಅಂದ್ರೆ ಬೋರ್ಡಿನ ಒಳಗಿನ ಸೆಟ್ಟಿಂಗ್ಸಲ್ಲಿ, ಪಿಟಿಟಿ ಅಂತ ಹೆಸರಲ್ಲಿ ಆಫ್ ಆಗಿ ಮಲಗಿತ್ತು, ಆನ್ ಮಾಡಿದೆ, ಆ ಟಿಕ್ಕೂ ಹಸಿರಾಯ್ತು. ಸೆಕ್ಯೂರ್ ಬೂಟ್‌ಗೂ ದಾರಿ ಇತ್ತು, 4 ಜಿಬಿ ರ‍್ಯಾಮು 64 ಜಿಬಿ ಜಾಗ ಕೇಳಿದ್ರೆ ಅದರ ಎರಡರಷ್ಟು ಇತ್ತು. ಪ್ರೊಸೆಸರ್ ಒಂದೇ ಕೆಂಪು. ಫೋಟೋಶಾಪು ಪೇಜ್‌ಮೇಕರು ಎರಡೂ ಒಟ್ಟಿಗೆ ಓಡಿಸ್ತಾ ಇದ್ದ ಮಷೀನಿಗೆ ನೀನು ಮುದುಕ ಆದೆ ಅಂದ್ರೆ ಹೊಟ್ಟೆ ಉರಿಯಲ್ವಾ.

ಸುತ್ತಿಕೊಂಡು ಹಾಕೋ ದಾರಿಗಳಿವೆ, ರುಫಸ್ ಅಂತ ಟೂಲಲ್ಲಿ ಪೆನ್‌ಡ್ರೈವ್ ಮಾಡುವಾಗಲೇ ಈ ಚೆಕ್ಕುಗಳನ್ನ ತೆಗೆದುಹಾಕಬಹುದು, ನಮ್ಮೂರ ಅರ್ಧ ಹುಡುಗ್ರು ಅದೇ ಮಾಡ್ತಿರೋದು. ಆದ್ರೆ ಹಂಗೆ ಹಾಕಿದ್ರೆ ಅಪ್‌ಡೇಟ್ ಬರುತ್ತೆ ಅಂತ ಗ್ಯಾರಂಟಿ ಕೊಡಲ್ಲ ಅಂತ ಮೈಕ್ರೋಸಾಫ್ಟೇ ಹೇಳುತ್ತೆ, ಅಪ್‌ಡೇಟ್‌ಗೋಸ್ಕರನೇ ಇಷ್ಟೆಲ್ಲಾ ಮಾಡ್ತಿರೋದು, ಅದೇ ಗ್ಯಾರಂಟಿ ಇಲ್ಲ ಅಂದ್ಮೇಲೆ ಯಾಕೆ ಬೇಕು. ನನ್ನ ಭಾಮೈದ ಬೆಂಗಳೂರಲ್ಲಿ ಸಿಸ್ಟಮ್ ಅಡ್ಮಿನ್ನು, ಫೋನ್ ಮಾಡ್ದೆ. "ಭಾವ, ಬೋರ್ಡು ಪ್ರೊಸೆಸರು ರ‍್ಯಾಮು ಬದಲಾಯಿಸಿ, ಕ್ಯಾಬಿನೆಟ್ಟು ಎಸ್‌ಎಸ್‌ಡಿ ಎಲ್ಲಾ ಹಳೇದೇ ಇಟ್ಕೊಳಿ" ಅಂದ. ಆಮೇಲೆ ಒಂದು ಪ್ರಶ್ನೆ ಕೇಳ್ದ ನೋಡಿ, "ನಿಮ್ಮ ವಿಂಡೋಸ್ ಲೈಸೆನ್ಸ್ ಯಾವುದು ಭಾವ, ಓಇಎಂಮ್ಮಾ ರಿಟೇಲಾ?"

ನಾನು ಧೈರ್ಯವಾಗಿ ಒರಿಜಿನಲ್ ಕಣಯ್ಯಾ ಅಂದೆ. ಬಿಲ್ ಇದೆಯಾ ಅಂದ. ಇದೆ ಅಂತ ಹುಡುಕಿ ತೆಗೆದೆ, 2017ರ ಬಿಲ್ಲು, ಇಂಕೆಲ್ಲಾ ಮಾಸಿಹೋಗಿ ಅರ್ಧ ಕಾಣುತ್ತೆ. ಮದರ್‌ಬೋರ್ಡು ಇಷ್ಟು, ಹಾರ್ಡ್ ಡಿಸ್ಕ್ ಇಷ್ಟು, ಕೀಬೋರ್ಡ್ ಮೌಸು ಇಷ್ಟು, ಕೊನೇ ಸಾಲಲ್ಲಿ "ವಿಂಡೋಸ್ ಲೋಡಿಂಗ್ - 500". ಅದನ್ನ ಫೋಟೋ ಹೊಡೆದು ಕಳಿಸ್ದೆ. ಎರಡು ನಿಮಿಷ ಬಿಟ್ಟು ನಗೋ ಎಮೋಜಿ ಬಂತು. ಎಂಟು ವರ್ಷ ನಾನು ದುಡ್ಡು ಕೊಟ್ಟಿದ್ದು ಹಾಕೋ ಕೂಲಿಗೆ, ವಿಂಡೋಸ್‌ಗಲ್ಲ.

ಅವನು ಒಂದು ಕಮಾಂಡ್ ಹೇಳಿಕೊಟ್ಟ, ಇದನ್ನ ಎಲ್ಲರೂ ಒಂದ್ಸಲ ಮಾಡ್ಲೇಬೇಕು. ಸ್ಟಾರ್ಟ್ ಒತ್ತಿ ಕಮಾಂಡ್ ಪ್ರಾಂಪ್ಟ್ ತೆಗೆದು, ಎಸ್ ಎಲ್ ಎಂ ಜಿ ಆರ್ ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ, ಒಂದು ಸ್ಪೇಸು, ಸ್ಲ್ಯಾಶು, ಡಿ ಎಲ್ ವಿ, ಎಂಟರ್. ಸ್ವಲ್ಪ ಹೊತ್ತಿಗೆ ಒಂದು ಬಾಕ್ಸ್ ಬರುತ್ತೆ, ಅದರಲ್ಲಿ ಚಾನೆಲ್ ಅಂತ ಇರುತ್ತೆ. ಓಇಎಂ ಅಂತಿದ್ರೆ ಮಷೀನ್ ಜೊತೆಗೇ ಬಂದ ಲೈಸೆನ್ಸು, ರಿಟೇಲ್ ಅಂತಿದ್ರೆ ಬೇರೆಯಾಗಿ ಕೊಂಡಿದ್ದು, ವಾಲ್ಯೂಮ್ ಅಂತಿದ್ರೆ ಕಂಪ್ನಿಗಳಿಗೆ ಕೊಡೋದು. ನನ್ನದ್ರಲ್ಲಿ ವಾಲ್ಯೂಮ್ ಕೆಎಂಎಸ್ ಕ್ಲೈಂಟ್ ಅಂತಿತ್ತು, ಅದರ ಕೆಳಗೆ ಎಕ್ಸ್‌ಪೈರಿ ನಿಮಿಷದ ಲೆಕ್ಕದಲ್ಲಿ. ಕೆಎಂಎಸ್ ಅಂದ್ರೆ ದೊಡ್ಡ ಆಫೀಸಲ್ಲಿ ನೂರಾರು ಕಂಪ್ಯೂಟರು ಅವರದ್ದೇ ಒಂದು ಸರ್ವರ್‌ಗೆ ಹೋಗಿ ಹಾಜರಿ ಹಾಕಿ 180 ದಿನದ ಪರ್ಮಿಷನ್ ತಗೊಂಡು ಬರೋ ವ್ಯವಸ್ಥೆ, ಪದೇ ಪದೇ ನವೀಕರಣ ಆಗ್ತಾ ಇರುತ್ತೆ. ತಿಪಟೂರು ಬಸ್ ಸ್ಟ್ಯಾಂಡ್ ಹತ್ರ ಇರೋ ನನ್ನ ಒಂದು ಮಷೀನು ಯಾವ ದೊಡ್ಡ ಆಫೀಸಿಗೆ ಹಾಜರಿ ಹಾಕ್ತಿತ್ತು? ಯಾವ ಆಫೀಸೂ ಇಲ್ಲ, ಲೋಡ್ ಮಾಡಿದ ಪುಣ್ಯಾತ್ಮ ಆಕ್ಟಿವೇಟರ್ ಅಂತ ಒಂದು ಟೂಲ್ ಒಳಗೇ ಕೂರಿಸಿ ಸುಳ್ಳು ಸರ್ವರ್ ಮಾಡಿಟ್ಟಿದ್ದ. ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್ ಆಗಾಗ ಹ್ಯಾಕ್‌ಟೂಲ್ ಆಟೋಕೆಎಂಎಸ್ ಅಂತ ಕೆಂಪು ವಾರ್ನಿಂಗ್ ತೋರಿಸ್ತಿತ್ತು, ನಾನು ಅಲೋ ಅಲೋ ಅಂತ ಒತ್ಕೊಂಡು ಬಂದಿದ್ದೆ. ವೈರಸ್ ಭಯಕ್ಕೆ ಅಪ್‌ಗ್ರೇಡ್ ಮಾಡ್ಬೇಕು ಅಂತ ಹೊರಟೋನ ಮನೇಲೇ ಕಳ್ಳ ಎಂಟು ವರ್ಷದಿಂದ ಬಾಡಿಗೆಗಿದ್ದ.

ಸರಿ, ಈಗ ಓಇಎಂ ರಿಟೇಲ್ ವ್ಯತ್ಯಾಸ, ಇದು ಅರ್ಥ ಆದ್ರೆ ನಿಮ್ಮ ದುಡ್ಡು ಉಳಿಯುತ್ತೆ. ಲ್ಯಾಪ್‌ಟಾಪ್ ಜೊತೆ ಬರೋ ಓಇಎಂ ಲೈಸೆನ್ಸು ಆ ಮಷೀನಿಗೇ ಮದುವೆ ಆಗಿರುತ್ತೆ. ವಿಂಡೋಸ್ 8ರ ಕಾಲದಿಂದ ಕೀನ ಬಯಾಸ್ ಒಳಗೇ ಬರೆದಿಟ್ಟಿರ್ತಾರೆ, ಅದಕ್ಕೇ ಫಾರ್ಮ್ಯಾಟ್ ಹೊಡೆದು ಮತ್ತೆ ಹಾಕಿದ್ರೂ ಕೀ ಕೇಳಲ್ಲ, ತಾನೇ ಹುಡುಕ್ಕೊಂಡು ಆಕ್ಟಿವೇಟ್ ಆಗುತ್ತೆ. ಲ್ಯಾಪ್‌ಟಾಪ್ ಮಾರಿದ್ರೆ ಲೈಸೆನ್ಸೂ ಅದರ ಜೊತೆ ಹೋಗುತ್ತೆ, ಲ್ಯಾಪ್‌ಟಾಪ್ ಗುಜರಿಗೆ ಹೋದ್ರೆ ಲೈಸೆನ್ಸೂ ಗುಜರಿಗೇ, ಕಿತ್ತು ಬೇರೆದಕ್ಕೆ ಹಾಕೋ ಹಂಗಿಲ್ಲ. ರಿಟೇಲ್ ಹಂಗಲ್ಲ, ಒಂದು ಸಲಕ್ಕೆ ಒಂದೇ ಮಷೀನು, ಆದ್ರೆ ಹಳೇದ್ರಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಮದರ್‌ಬೋರ್ಡ್ ಬದಲಾದ್ರೆ ವಿಂಡೋಸ್ ಲೆಕ್ಕದಲ್ಲಿ ಅದು ಬೇರೆ ಮಷೀನೇ, ಅದಕ್ಕೆ ಮೊದಲೇ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲೈಸೆನ್ಸ್ ಲಿಂಕ್ ಮಾಡಿಟ್ಟಿದ್ರೆ ಆಮೇಲೆ ಆಕ್ಟಿವೇಷನ್ ಟ್ರಬಲ್‌ಶೂಟರಲ್ಲಿ ಹಾರ್ಡ್‌ವೇರ್ ಬದಲಾಯಿಸಿದೀನಿ ಅಂತ ಒತ್ತಿ ವಾಪಸ್ ಪಡೀಬಹುದು. ಅಸೆಂಬಲ್ಡ್ ಮಷೀನ್ ಇಟ್ಕೊಂಡಿರೋರು, ಎರಡು ವರ್ಷಕ್ಕೊಂದು ಪಾರ್ಟ್ ಬದಲಾಯಿಸೋ ಚಟ ಇರೋರು, ರಿಟೇಲೇ ತಗೊಳಿ. ಓಇಎಂ ಪ್ಯಾಕ್ ಅಂತ ಕಡಿಮೆಗೆ ಸಿಗುತ್ತೆ, ಮೊದಲು ಹಾಕಿದ ಬೋರ್ಡಿನ ಜೊತೆಗೇ ಅದರ ಆಯಸ್ಸು.

ಇಷ್ಟೆಲ್ಲಾ ಭಾಮೈದ ಹೇಳಿದ್ದ. ಕೇಳಿಸ್ಕೊಂಡೆ, ಹೂಂ ಹೂಂ ಅಂದೆ. ಆಮೇಲೆ ಏನ್ ಮಾಡ್ದೆ ಹೇಳಿ?

650 ರೂಪಾಯಿಗೆ ಕೀ ತಗೊಂಡೆ. ಬೋರ್ಡು, ಐ3-12100, 16 ಜಿಬಿ ರ‍್ಯಾಮು ಸೇರಿ ಹತ್ತೊಂಬತ್ತು ಸಾವಿರ ಚಿಲ್ಲರೆ ಆಗಿತ್ತು, ಜೇಬು ಹಗುರ ಆಗಿತ್ತು, ಆನ್‌ಲೈನಲ್ಲಿ ಒಂದು ಕಡೆ ವಿಂಡೋಸ್ 11 ಪ್ರೋ, ಲೈಫ್‌ಟೈಮ್, ಜೆನ್ಯೂನ್, 650 ಅಂತ ಕಂಡ್ತು. ಹತ್ತು ಸಾವಿರದ ವಸ್ತು ಆರುನೂರೈವತ್ತಕ್ಕೆ ಯಾಕೆ ಕೊಡ್ತಾನೆ ಅಂತ ಒಂದು ಕ್ಷಣ ಯೋಚ್ನೆ ಮಾಡ್ಬೇಕಿತ್ತು, ತೆಂಗಿನಕಾಯಿ ವ್ಯಾಪಾರದಲ್ಲಿ ಐವತ್ತು ಪೈಸೆ ವ್ಯತ್ಯಾಸ ಬಂದ್ರೆ ಹತ್ತು ಸಲ ಯೋಚಿಸೋ ಊರಿನೋನು ನಾನು. ವಾಟ್ಸಾಪಲ್ಲಿ ಇಪ್ಪತ್ತೈದು ಅಕ್ಷರದ ಕೀ ಬಂತು, ಹಾಕಿದೆ, ಆಕ್ಟಿವೇಟೆಡ್ ಅಂತು. ಭಾಮೈದನಿಗೆ ಸ್ಕ್ರೀನ್‌ಶಾಟ್ ಕಳಿಸಿ ಮೀಸೆ ತಿರುವಿದೆ. ಅವನು ಅದೇ ಡಿ ಎಲ್ ವಿ ಹೊಡೀರಿ ಭಾವ ಅಂದ. ಹೊಡೆದೆ, ವಾಲ್ಯೂಮ್ ಎಂಎಕೆ ಅಂತ ಬಂತು. "ಯಾವುದೋ ಕಂಪ್ನಿ ಇಷ್ಟು ಮಷೀನಿಗೆ ಅಂತ ಲೆಕ್ಕ ಹಾಕಿ ತಗೊಂಡಿರೋ ಕೀ ಅದು, ಯಾರೋ ಹೊರಗೆ ತಂದು ಚಿಲ್ಲರೆ ಮಾರ್ತಿದಾರೆ. ಓಡೋವರೆಗೂ ಓಡುತ್ತೆ ಭಾವ, ಬಿಡಿ" ಅಂದ. ಬೈಯ್ಲಿಲ್ಲ, ಅದೇ ಹೆಚ್ಚು ನೋವಾಯ್ತು.

ಜೂನ್ ತನಕ ಓಡ್ತು. ಒಂದು ಸೋಮವಾರ ಬೆಳಿಗ್ಗೆ ಗಿರಾಕಿ ಪಕ್ಕದಲ್ಲೇ ಕೂತಿದ್ದಾರೆ, ಮಗಳ ಮದುವೆ ಕಾರ್ಡು, ಪ್ರೂಫ್ ನೋಡ್ತಾ ಇದಾರೆ, ಸ್ಕ್ರೀನಿನ ಬಲಗಡೆ ಮೂಲೇಲಿ ತೆಳ್ಳಗೆ ಆಕ್ಟಿವೇಟ್ ವಿಂಡೋಸ್ ಅಂತ ಅಕ್ಷರ ಮೂಡಿದೆ. ಆ ಯಜಮಾನ್ರು ಕನ್ನಡಕ ಸರಿಮಾಡ್ಕೊಂಡು "ಸ್ವಾಮಿ, ಇದೂ ಕಾರ್ಡಲ್ಲಿ ಪ್ರಿಂಟ್ ಆಗುತ್ತಾ?" ಅಂದ್ರು. ಆಗಲ್ಲ ಸಾರ್ ಅಂದೆ. ಆ ಅಕ್ಷರ ಪ್ರಿಂಟಲ್ಲಿ ಬರಲ್ಲ, ಕೆಲಸವೂ ನಿಲ್ಲಲ್ಲ, ವಾಲ್‌ಪೇಪರ್ ಬಣ್ಣ ಥೀಮ್ ಬದಲಾಯಿಸೋದು ಲಾಕ್ ಆಗುತ್ತೆ ಅಷ್ಟೇ, ಆದ್ರೆ ಗಿರಾಕಿ ಮುಂದೆ ಮರ್ಯಾದೆ ಹೋಗುತ್ತೆ. ಮಾರಿದೋನಿಗೆ ಮೆಸೇಜ್ ಹಾಕಿದ್ರೆ ಒಂದೇ ಟಿಕ್ಕು, ಇವತ್ತಿಗೂ ಒಂದೇ ಟಿಕ್ಕು. ಲೈಫ್‌ಟೈಮ್ ಅಂದಿದ್ದು ಯಾರ ಲೈಫ್ ಅಂತ ಕೇಳ್ಕೊಂಡಿರ್ಲಿಲ್ಲ.

ಕೊನೆಗೆ ರಿಟೇಲ್ ತಗೊಂಡೆ, ಹೋಮ್ ಎಡಿಷನ್, ಪ್ರೋ ಅಲ್ಲ. ಆಗ ಅಮೆರಿಕದಲ್ಲಿ ಹೋಮ್ 139 ಡಾಲರು, ಪ್ರೋ 199, ನಂಗೆ ಇಲ್ಲಿ ಹೋಮ್‌ಗೆ ಹತ್ತು ಸಾವಿರದ ಆಸುಪಾಸು ಬಿತ್ತು, ಜಿಎಸ್‌ಟಿ ಬಿಲ್ ಸಮೇತ. ಪ್ರೋ ಯಾಕೆ ಬೇಡ ಅಂದ್ರೆ, ಪ್ರೋದಲ್ಲಿ ಜಾಸ್ತಿ ಸಿಗೋದು ಡಿಸ್ಕ್ ಲಾಕನ್ನ ನಾವೇ ನಿಭಾಯಿಸೋ ಬಿಟ್‌ಲಾಕರು, ಹೊರಗಿಂದ ಈ ಮಷೀನಿಗೆ ರಿಮೋಟ್ ಡೆಸ್ಕ್‌ಟಾಪಲ್ಲಿ ಬರೋದು, ಮಷೀನುಗಳಿಗೆ ಒಟ್ಟಿಗೆ ನಿಯಮ ಹಾಕೋ ಗ್ರೂಪ್ ಪಾಲಿಸಿ, ಕಂಪ್ಯೂಟರೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸೋ ಹೈಪರ್-ವಿ, ಆಫೀಸ್ ಡೊಮೇನ್‌ಗೆ ಸೇರೋದು. ಲಗ್ನಪತ್ರಿಕೆಗೆ ಇದ್ಯಾವುದೂ ಬೇಡ. ಎಲ್ಲರೂ ಪ್ರೋ ಪ್ರೋ ಅಂತಾರೆ, ಕಳ್ಳ ಕೀ ಹಾಕೋರಿಗೆ ಹೋಮು ಪ್ರೋ ಎರಡೂ ಒಂದೇ ರೇಟಲ್ವಾ, ಅದಕ್ಕೆ ಆ ಅಭ್ಯಾಸ ಅಂತ ನನ್ನ ಅನುಮಾನ.

ಇಲ್ಲೂ ಒಂದು ಏಟು ಬಿತ್ತು. ಹೋಮಿಂದ ಪ್ರೋಗೆ ಕೀ ಹಾಕಿದ್ರೆ ಸಾಕು ಕೂತ ಜಾಗದಲ್ಲೇ ಏರುತ್ತೆ, ಪ್ರೋಯಿಂದ ಹೋಮ್‌ಗೆ ಹಂಗೆ ಇಳಿಯೋಕೆ ಆಗಲ್ಲ. ಮಷೀನಲ್ಲಿದ್ದಿದ್ದು ಪ್ರೋ, ಕೈಲಿರೋ ಕೀ ಹೋಮ್‌ದು, ಮತ್ತೆ ಫಾರ್ಮ್ಯಾಟ್, ಮತ್ತೆ ಮೊದಲಿಂದ. ಭಾನುವಾರ ಪೂರ್ತಿ ಹೋಯ್ತು. ಕನ್ನಡ ಟೈಪ್ ಮಾಡೋ ನುಡಿ ಸಾಫ್ಟ್‌ವೇರ್ ಹಾಕು, ಅದರ ಹಳೇ ಫಾಂಟ್‌ಗಳನ್ನೆಲ್ಲಾ ಬ್ಯಾಕಪ್ಪಿಂದ ತಂದು ಹಾಕು, ಪ್ರಿಂಟರ್ ಡ್ರೈವರ್ ಹಾಕು. ಹಳೇ ನುಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಕೊಟ್ಮೇಲೆ ಚೆನ್ನಾಗೇ ಓಡ್ತು, ಪೇಜ್‌ಮೇಕರ್ 7 ಅಂತೂ 2001ರದ್ದು, ಅದೂ ತೆರೀತು, ಆ ಮಾರಾಯನಿಗೆ ಸಾವಿಲ್ಲ (ಅದರ ಲೈಸೆನ್ಸ್ ಬಗ್ಗೆ ಈ ರಿವ್ಯೂದಲ್ಲಿ ಕೇಳಬೇಡಿ). ಕೆಲವು ಹಳೇ ವರ್ಡ್ ಫೈಲಲ್ಲಿ ಕನ್ನಡ ಅಕ್ಷರದ ರೂಪವೇ ಬದಲಾಗಿ ಸಾಲು ಎಲ್ಲಾ ಜಗ್ಗಿ ಕೂತಿತ್ತು, ನೋಡಿದ್ರೆ ಅವು ತುಂಗಾ ಫಾಂಟಲ್ಲಿ ಮಾಡಿದ್ದು. ಎಕ್ಸ್‌ಪಿ ಕಾಲದಿಂದ ಇದ್ದ ತುಂಗಾ ಈಗ ಹೊಸದಾಗಿ ಹಾಕಿದ್ರೆ ತಾನಾಗಿ ಬರಲ್ಲ, ಅದರ ಜಾಗದಲ್ಲಿ ನಿರ್ಮಲಾ ಇದೆ. ಸೆಟ್ಟಿಂಗ್ಸಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಅಂತ ಸೇರಿಸಿದ್ರೆ ವಾಪಸ್ ಬರುತ್ತೆ, ದುಡ್ಡಿಲ್ಲ. ಡಿಟಿಪಿ ಮಾಡೋರು ಇದನ್ನ ಬರೆದಿಟ್ಕೊಳಿ.

ಇನ್ನೊಂದು ಹುಷಾರು, ಇದು ಎಲ್ಲಕ್ಕಿಂತ ಡೇಂಜರ್. ಜನವರಿಲಿ ಮೊದಲ ಸಲ ಹಾಕುವಾಗ ನಾನು ಊಟಕ್ಕೆ ಹೋಗಿದ್ದೆ, ಹಾಕೋಕೆ ಬಂದಿದ್ದ ಹುಡುಗ ಸೆಟಪ್ಪಲ್ಲಿ ಅಕೌಂಟ್ ಕೇಳಿದ್ದಕ್ಕೆ ತನ್ನದೇ ಇಮೇಲ್ ಹಾಕಿ ಮುಗಿಸಿದ್ದ. ಹೋಮ್ ಎಡಿಷನ್ನಿಗೆ ಮೊದಲಿಂದಲೂ, ಪ್ರೋಗೆ 22ಎಚ್2 ವರ್ಷನ್ನಿಂದಲೂ, ಸೆಟಪ್ ಮಾಡುವಾಗ ಇಂಟರ್ನೆಟ್ಟು ಮತ್ತು ಮೈಕ್ರೋಸಾಫ್ಟ್ ಅಕೌಂಟ್ ಕೇಳೇ ಕೇಳುತ್ತೆ. ಅದರಲ್ಲೇನಿದೆ ಅಂತೀರಾ, 2024ರಲ್ಲಿ ಬಂದ 24ಎಚ್2 ವರ್ಷನ್ ಹೊಸದಾಗಿ ಹಾಕಿದ್ರೆ, ಕೀ ಇಲ್ದೆ ಯಾರೂ ಓದೋಕೆ ಆಗದಂಗೆ ಡಿಸ್ಕು ತಾನೇ ಎನ್‌ಕ್ರಿಪ್ಟ್ ಆಗುತ್ತೆ, ಹೋಮಲ್ಲೂ, ಅದರ ರಿಕವರಿ ಕೀ ಯಾವ ಅಕೌಂಟಲ್ಲಿ ಸೆಟಪ್ ಮಾಡಿದ್ರೋ ಆ ಅಕೌಂಟಿಗೆ ಹೋಗುತ್ತೆ. ಅಂದ್ರೆ ನನ್ನ ಅಂಗಡಿಯ ಬೀಗದ ಕೈ ಆ ಹುಡುಗನ ಜೇಬಲ್ಲಿ. ಬಯಾಸಲ್ಲಿ ಏನಾದ್ರೂ ಮುಟ್ಟಿದಾಗ ನೀಲಿ ಸ್ಕ್ರೀನ್ ಬಂದು 48 ಅಂಕಿಯ ಕೀ ಕೇಳಿದ್ರೆ, ಆ ಹುಡುಗ ದುಬೈಗೋ ಬೆಂಗಳೂರಿಗೋ ಹೋಗಿದ್ರೆ, ಹತ್ತು ವರ್ಷದ ಲಗ್ನಪತ್ರಿಕೆ ಫೈಲೆಲ್ಲಾ ಗೋವಿಂದ. ಪಾಪ ಅವನಿಗೂ ಗೊತ್ತಿರ್ಲಿಲ್ಲ, ಕೇಳಿದ್ರೆ "ಎಲ್ಲರಿಗೂ ಇದೇ ಹಾಕ್ತೀನಿ ಸಾರ್" ಅಂದ. ಎಷ್ಟು ಜನರ ಕೀ ಅವನತ್ರ ಇದೆಯೋ. ಎರಡನೇ ಸಲ ನಾನೇ ಕೂತು ನನ್ನ ಅಕೌಂಟಲ್ಲಿ ಮಾಡ್ದೆ, ರಿಕವರಿ ಕೀ ಪ್ರಿಂಟ್ ತೆಗೆದು ಮನೆ ಪತ್ರದ ಫೈಲಲ್ಲಿ ಇಟ್ಟಿದೀನಿ. ರಿಟೇಲ್ ಲೈಸೆನ್ಸ್ ಕೂಡ ಅದೇ ಅಕೌಂಟ್‌ಗೆ ಲಿಂಕ್ ಆಗಿದೆ.

ಓಡಿಸೋಕೆ ಹೆಂಗಿದೆ ಅಂತ ಈಗ ಹೇಳ್ತೀನಿ. ನೋಟ್‌ಪ್ಯಾಡ್ ಸೂಪರ್. ನಗಬೇಡಿ, ನಿಜವಾಗ್ಲೂ. ಗಿರಾಕಿ ಫೋನಲ್ಲಿ ಹೆಸರು ಹೇಳ್ತಾ ಇರ್ತಾರೆ, ಸುಖಾಗಮನ ಬಯಸುವವರು ಅಂತ ಹದಿನಾರು ಹೆಸರು, ನೋಟ್‌ಪ್ಯಾಡಲ್ಲಿ ಬರ್ಕೊಳ್ತೀನಿ, ಮೊದಲಾದ್ರೆ ಸೇವ್ ಮಾಡೋದ್ರೊಳಗೆ ಕರೆಂಟ್ ಹೋಗಿ ಮತ್ತೆ ಫೋನ್ ಮಾಡಿ "ಯಜಮಾನ್ರೇ, ಇನ್ನೊಂದ್ಸಲ ಹೇಳ್ತೀರಾ" ಅನ್ಬೇಕಿತ್ತು, ಈಗ ಟ್ಯಾಬ್ ಬಂದಿದೆ, ಸೇವ್ ಮಾಡದಿದ್ರೂ ಮತ್ತೆ ತೆಗೆದ್ರೆ ಹಂಗೇ ಇರುತ್ತೆ. ವಿಂಡೋಸ್ ಕೀ ಜೊತೆ ಝಡ್ ಒತ್ತಿದ್ರೆ ಸ್ಕ್ರೀನ್ ಭಾಗ ಮಾಡೋ ಚೌಕಗಳು ಬರುತ್ವೆ, ಎಡಗಡೆ ವಾಟ್ಸಾಪಲ್ಲಿ ಗಿರಾಕಿ ಕೈಬರಹದ ಫೋಟೋ, ಬಲಗಡೆ ನುಡಿ, ಕತ್ತು ತಿರುಗಿಸೋ ಕೆಲಸ ಇಲ್ಲ.

ಬೇಜಾರು ಅಂದ್ರೆ ಟಾಸ್ಕ್‌ಬಾರು. ನಾನು ವರ್ಷಾನುಗಟ್ಲೆ ಎಡಗಡೆ ನಿಲ್ಲಿಸ್ಕೊಂಡಿದ್ದೆ, ಎ4 ಪುಟ ಉದ್ದಕ್ಕೆ ಪೂರ್ತಿ ಕಾಣ್ಲಿ ಅಂತ. ನಾನು ಹಾಕಿದಾಗ ಇದರಲ್ಲಿ ಕೆಳಗೆ ಬಿಟ್ರೆ ಬೇರೆಲ್ಲೂ ಕೂರಿಸೋ ಆಪ್ಷನ್ ಇರ್ಲಿಲ್ಲ, ಐಕಾನ್‌ಗಳನ್ನ ನಡುಮಧ್ಯದಿಂದ ಎಡಕ್ಕೆ ತಳ್ಳಬಹುದು ಅಷ್ಟೇ. ರೈಟ್ ಕ್ಲಿಕ್ ಮಾಡಿದ್ರೆ ಅರ್ಧ ಮೆನು, ಬೇಕಾಗಿದ್ದು ಯಾವಾಗ್ಲೂ ಶೋ ಮೋರ್ ಆಪ್ಷನ್ಸ್ ಒಳಗೆ, ಶಿಫ್ಟ್ ಹಿಡ್ಕೊಂಡು ರೈಟ್ ಕ್ಲಿಕ್ ಮಾಡಿದ್ರೆ ಹಳೇ ಮೆನು ನೇರ ಬರುತ್ತೆ, ಇದು ಗೊತ್ತಾಗೋಕೆ ನಂಗೆ ಮೂರು ತಿಂಗಳಾಯ್ತು. ಅಪ್‌ಗ್ರೇಡ್ ಇಷ್ಟ ಆಗ್ಲಿಲ್ಲ ಅಂದ್ರೆ 10 ದಿನದೊಳಗೆ ವಾಪಸ್ ಹೋಗೋಕೆ ಬಿಡ್ತಾರೆ, ಆ 10 ದಿನ ಸಿ ಡ್ರೈವಲ್ಲಿ ಹಳೇ ವಿಂಡೋಸ್ ಒಂದು ರಾಶಿ ಜಾಗ ತಿಂದ್ಕೊಂಡು ಕೂತಿರುತ್ತೆ, ಗಾಬರಿ ಆಗಬೇಡಿ, ಆಮೇಲೆ ತಾನೇ ಹೋಗುತ್ತೆ.

ಇನ್ನು ಅಟ್ಟದ ಮೇಲಿನ ಕೋರ್ 2 ಡ್ಯುಯೋ ಕಥೆ. ಅದಕ್ಕೆ ರುಫಸ್ ಮಾಡಿದ್ರೂ 24ಎಚ್2 ಬೂಟೇ ಆಗಲ್ಲ, ಆ ಪ್ರೊಸೆಸರಲ್ಲಿ ಅದಕ್ಕೆ ಬೇಕಾದ ಇನ್‌ಸ್ಟ್ರಕ್ಷನ್‌ಗಳೇ ಇಲ್ಲ. ಲಿನಕ್ಸ್ ಮಿಂಟ್ ಹಾಕಿ ಮಗನಿಗೆ ಕೊಟ್ಟೆ. ಕೀ ಕೇಳಲ್ಲ, ಅಕೌಂಟ್ ಕೇಳಲ್ಲ, ಎಷ್ಟು ಮಷೀನಿಗೆ ಬೇಕಾದ್ರೂ ಹಾಕು ಅನ್ನುತ್ತೆ. ಹಂಗಂತ ಅಂಗಡಿಗೆ ಹಾಕೋಕೆ ಆಗುತ್ತಾ ಅಂದ್ರೆ ನನ್ನ ಪೇಜ್‌ಮೇಕರ್ ಫೈಲು ಅಲ್ಲಿ ಯಾರು ತೆಗೀತಾರೆ. ಎಲ್ಲಾ ಕಡೆ ಓದೋಕಾಗೋ ಯುನಿಕೋಡಲ್ಲಿ ಮೊದಲಿಂದ ಕೆಲಸ ಮಾಡಿದ್ರೆ ಈ ಗೋಳಿರ್ತಿರ್ಲಿಲ್ಲ ಅನ್ನೋದು ಬೇರೆ ಜಗಳ.

ಈಗಲೇ ಹತ್ತೊಂಬತ್ತು ಸಾವಿರ ಹಾಕೋಕೆ ಆಗಲ್ಲ ಅನ್ನೋರಿಗೆ ವಿಂಡೋಸ್ 10ಗೇ ಒಂದು ವರ್ಷ ಎಕ್ಸ್‌ಟೆನ್ಷನ್ ಇದೆ, ಇಎಸ್‌ಯು ಅಂತ, 2026ರ ಅಕ್ಟೋಬರ್ 13ರ ತನಕ. 30 ಡಾಲರ್ ಕೊಡ್ಬಹುದು, ಇಲ್ಲಾ 1000 ರಿವಾರ್ಡ್ಸ್ ಪಾಯಿಂಟ್ ಕೊಡ್ಬಹುದು, ಇಲ್ಲಾ ಸೆಟ್ಟಿಂಗ್ಸ್‌ನ ಒನ್‌ಡ್ರೈವ್‌ಗೆ ಬ್ಯಾಕಪ್ ಮಾಡೋಕೆ ಒಪ್ಕೊಂಡ್ರೆ ಫ್ರೀ. ವಿಂಡೋಸ್ 10ರದ್ದೇ 22ಎಚ್2 ವರ್ಷನ್ನಲ್ಲಿ ಇರ್ಬೇಕು, ಮೈಕ್ರೋಸಾಫ್ಟ್ ಅಕೌಂಟ್ ಇಲ್ಲೂ ಬೇಕು, ಒಂದು ಅಕೌಂಟಲ್ಲಿ 10 ಮಷೀನ್ ತನಕ ಹಾಕ್ಬಹುದು. ಬರೋದು ಸೆಕ್ಯುರಿಟಿ ಅಪ್‌ಡೇಟ್ ಮಾತ್ರ, ಹೊಸ ಫೀಚರ್ ಏನೂ ಇಲ್ಲ. ನನ್ನ ಹಳೇ ಐ5ಗೆ ಇದು ಜನವರಿಲೇ ಗೊತ್ತಿದ್ದಿದ್ರೆ ಬೋರ್ಡ್ ಖರ್ಚನ್ನ ಒಂದು ವರ್ಷ ಮುಂದಕ್ಕೆ ಹಾಕಿರ್ತಿದ್ದೆ.

ಮೊನ್ನೆ ಪಕ್ಕದ ಜೆರಾಕ್ಸ್ ಅಂಗಡಿ ಹುಡುಗ ಬಂದ. "ಅಣ್ಣ, ವಿಂಡೋಸ್ 11 ಕೀ ಐನೂರಕ್ಕೆ ಸಿಗ್ತಿದೆಯಂತೆ, ತಗೊಳ್ಲಾ?" ಅಂದ. ನಂದು ಆರುನೂರೈವತ್ತು ಇತ್ತಲ್ಲ, ರೇಟ್ ಇಳಿದಿದೆ. ಏನೂ ಮಾತಾಡ್ಲಿಲ್ಲ, ಅವನಂಗಡಿಗೆ ಹೋಗಿ ಅವನ ಮಷೀನಲ್ಲೇ ಆ ಕಮಾಂಡ್ ಹೊಡೆದೆ. ವಾಲ್ಯೂಮ್ ಕೆಎಂಎಸ್ ಕ್ಲೈಂಟ್. ಬಾಕ್ಸನ್ನೇ ನೋಡ್ತಾ ನಿಂತ. "ಅಂದ್ರೆ ಈಗಿರೋದೂ ಒರಿಜಿನಲ್ ಅಲ್ವಾ ಅಣ್ಣ?" ಬಿಲ್ ತೆಗಿ ಅಂದೆ. ಡ್ರಾಯರಿಂದ ತೆಗೆದ, ಕೊನೇ ಸಾಲು ಓದ್ದ, ವಿಂಡೋಸ್ ಲೋಡಿಂಗ್, 700. ನಂಗಿಂತ ಇನ್ನೂರು ಜಾಸ್ತಿ ಕೊಟ್ಟಿದಾನೆ.